ಖಾಲಿ ಬೆಂಚಿನ ಮಕ್ಕಳು

ಮಧುಗಿರಿಯ ಬೆಟ್ಟದ ನೆರಳು ಇಳಿಹೊತ್ತಿನಲ್ಲಿ ಎಲ್ಲಿಯವರೆಗೆ ಚಾಚುತ್ತದೋ ಅಲ್ಲಿಗೆ ಸರಿಯಾಗಿ ಒಂದು ಹಳೆಯ ಕಾಲೇಜಿದೆ. ಪ್ರೈಮರಿ ಶಾಲೆಗೆ ಮೇಷ್ಟ್ರುಗಳನ್ನು ತಯಾರು ಮಾಡುವ ಕಾಲೇಜು. ಬೋರ್ಡಿನ ಮೇಲೆ ಡಿ.ಎಲ್.ಎಡ್ ಎಂದು ಬರೆಸಿ ವರ್ಷಗಳಾದರೂ ಊರವರ ಬಾಯಲ್ಲಿ ಅದು ಇವತ್ತಿಗೂ ಟಿಸಿಎಚ್ ಕಾಲೇಜೇ. ಒಂದು ಕಾಲಕ್ಕೆ ಶಿರಾ, ಪಾವಗಡ, ಕೊರಟಗೆರೆ ಕಡೆಯಿಂದೆಲ್ಲ ಶಿಫಾರಸು ಹಿಡಿದು ಸೀಟು ಕೇಳಿಕೊಂಡು ಬರುತ್ತಿದ್ದ ಜಾಗವಂತೆ. ಈಗಲೂ ಗಂಟೆಯಿದೆ, ಪ್ರಾರ್ಥನೆಗೆ ನಿಲ್ಲುವ ಕಟ್ಟೆಯಿದೆ, ಉದ್ದದ ಕೋಣೆಯ ತುಂಬ ಬೆಂಚುಗಳಿವೆ. ಓದುವವಳು ಮಾತ್ರ ಒಬ್ಬಳು. ಅವಳ ಹೆಸರು ಲೋಹಿತಾ.

ಸೇರಿದಾಗ ಜೊತೆಗೆ ಇನ್ನೂ ನಾಲ್ಕೈದು ಜನ ಇದ್ದರು. ಒಬ್ಬಳಿಗೆ ನರ್ಸಿಂಗ್ ಸೀಟು ಸಿಕ್ಕಿತು, ಒಬ್ಬಳಿಗೆ ಗಂಡು ಸಿಕ್ಕಿತು, ಒಬ್ಬ ಪೊಲೀಸ್ ಪರೀಕ್ಷೆಗೆ ಓಡುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಮರದಿಂದ ಹಕ್ಕಿಗಳು ಒಂದೊಂದಾಗಿ ಎದ್ದು ಹೋದ ಹಾಗೆ ಎಲ್ಲರೂ ಹೋದರು. ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ಲೋಹಿತಾ ಒಬ್ಬಳೇ ಉಳಿದಿದ್ದಳು. ಅವಳ ಹಿಂದೆ ಹೊಸದಾಗಿ ಯಾರೂ ಸೇರಲಿಲ್ಲ. ಇವಳದೊಂದು ಮುಗಿದರೆ ಕಾಲೇಜಿಗೆ ಬೀಗ ಹಾಕುವುದೆಂದು ಟ್ರಸ್ಟಿನವರು ತೀರ್ಮಾನ ಮಾಡಿ ಕೂತಿದ್ದರು.

ಲೋಹಿತಾ ಪಟ್ಟನಾಯಕನಹಳ್ಳಿ ಕಡೆಯವಳು. ತಂದೆ ಅಡವಯ್ಯನವರು ಊರ ಈಶ್ವರನ ಗುಡಿಯಲ್ಲಿ ಪೂಜೆ ಮಾಡುವವರು. ಅಪ್ಪ ಒಳಗೆ ಪೂಜೆಗೆ ಕೂತಾಗ ಈ ಹುಡುಗಿ ಹೊರಗೆ ಗುಡಿಯ ಜಗಲಿಯ ಮೇಲೆ ಕೇರಿಯ ಮಕ್ಕಳನ್ನು ಸಾಲಾಗಿ ಕೂರಿಸಿ ಅ ಆ ತಿದ್ದಿಸುತ್ತಿದ್ದಳು. ಅಕ್ಷರ ಹೇಳಿಕೊಡುವುದೂ ಒಂದು ಪೂಜೆಯೇ ಎಂದು ಅಡವಯ್ಯನವರು ಅಂದಿದ್ದರು. ಆ ಮಾತು ಅವಳ ಮೈಗೆ ಹತ್ತಿಬಿಟ್ಟಿತ್ತು. ಮೇಷ್ಟ್ರಾಗುವುದು ಬಿಟ್ಟು ಬೇರೆ ಏನನ್ನೂ ಅವಳು ದೇವರಲ್ಲಿ ಕೇಳಿದವಳಲ್ಲ.

ಈ ಓದಿನಲ್ಲಿ ಸೂಕ್ಷ್ಮ ಬೋಧನೆ ಎಂದು ಒಂದು ಅಭ್ಯಾಸವಿದೆ. ನಿಜವಾದ ಶಾಲೆಗೆ ಹೋಗಿ ನಿಜವಾದ ಮಕ್ಕಳ ಮುಂದೆ ನಿಲ್ಲುವ ಮೊದಲು, ಓದುವವರು ತಮ್ಮತಮ್ಮಲ್ಲೇ ಆಡುವ ಆಟ ಅದು. ಒಬ್ಬರು ಮೇಷ್ಟ್ರಾಗಿ ಬೋರ್ಡಿನ ಮುಂದೆ ನಿಲ್ಲಬೇಕು. ಮಿಕ್ಕವರು ಮಕ್ಕಳಾಗಿ ಬೆಂಚಿನಲ್ಲಿ ಕೂತು, ಕೇಳಿದ್ದಕ್ಕೆ ಉತ್ತರ ಹೇಳಬೇಕು, ಕೆಲವೊಮ್ಮೆ ತಪ್ಪು ಹೇಳಬೇಕು, ತುಂಟತನವನ್ನೂ ಮಾಡಬೇಕು. ಆದರೆ ಮಕ್ಕಳಾಗುವುದಕ್ಕೆ ಜನ ಎಲ್ಲಿಂದ ಬರಬೇಕು?

ಉಪನ್ಯಾಸಕರು ಹಿದಾಯತುಲ್ಲಾ ಸರ್. ಶಿರಾದಿಂದ ದಿನಾ ಬಸ್ಸಿನಲ್ಲಿ ಬರುವವರು, ನಿವೃತ್ತಿಗೆ ಹತ್ತಿರವಾದವರು. ಮೊದಮೊದಲು ಅವರೇ ಮಗುವಾಗುತ್ತಿದ್ದರು. ಬಿಳಿ ಗಡ್ಡದ ಆ ದೊಡ್ಡ ಮನುಷ್ಯ ಮುಂದಿನ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತು, ಪಾಠದ ನಡುವೆ ಕಿರುಬೆರಳು ಎತ್ತಿ, ಮಿಸ್ ಒಂದಕ್ಕೆ ಹೋಗ್ಲಾ ಎಂದು ಕೇಳುವರು. ನಗು ತಡೆದುಕೊಂಡು ಕಳಿಸಿದರೆ ನಿಜವಾಗಿಯೂ ಎದ್ದು ಹೋಗಿ, ಒಂದು ಟೀ ಕುಡಿದು, ಮತ್ತೆ ಮೂರನೇ ಕ್ಲಾಸಿನ ಹಿದಾಯತ್ ಆಗಿ ಬಂದು ಕೂರುವರು. ಆ ದಿನಗಳು ಚೆನ್ನಾಗಿದ್ದವು.

ಆಮೇಲೆ ಕಾಲೇಜು ಮುಚ್ಚುವ ಕಾಗದಪತ್ರದ ಕೆಲಸವೆಲ್ಲ ಅವರ ತಲೆಗೇ ಬಂತು. ವಾರದಲ್ಲಿ ಬಹುಪಾಲು ದಿನ ತುಮಕೂರಿಗೋ ಬೆಂಗಳೂರಿಗೋ ಓಡಾಟ. ಪಾಠ ಮಾತ್ರ ನಿಲ್ಲಿಸಬೇಡ ಎಂದು ಅವರು ಹೇಳಿ ಹೋಗುತ್ತಿದ್ದರು. "ದೇವ್ರ ಮುಂದೆ ಕೂತು ಮಾತಾಡೋ ಮನೇಲಿ ಬೆಳ್ದೋಳು ನೀನು ಬೇಟಾ. ಬೆಂಚಿನ ಮುಂದೆ ಮಾತಾಡೋಕೆ ಏನ್ ಕಷ್ಟ?" ಎಂದು ತಮಾಷೆಯನ್ನೂ ಮಾಡಿದ್ದರು.

ಕಷ್ಟವೇನೂ ಆಗಲಿಲ್ಲ; ಅದೇ ಕಷ್ಟವಾದದ್ದು. ಬರಬರುತ್ತ ಖಾಲಿ ಬೆಂಚುಗಳ ಮೇಲೆ ಲೋಹಿತಾ ಮಕ್ಕಳನ್ನು ಕೂರಿಸಿಕೊಂಡಳು. ಮುಂದಿನ ಬೆಂಚಿನಲ್ಲಿ ಚಿರಂಜೀವಿ ಎಂಬ ಜಾಣ ಹುಡುಗ, ಕಿಟಕಿಯ ಪಕ್ಕ ಶಾಜಿಯಾ ಎಂಬ ನಾಚಿಕೆಯ ಹುಡುಗಿ. ಪ್ರಶ್ನೆಯನ್ನು ಇವಳೇ ಕೇಳುವಳು, ಕತ್ತು ಸ್ವಲ್ಪ ಆ ಕಡೆ ವಾಲಿಸಿ, ಗಂಟಲು ಸಣ್ಣ ಮಾಡಿ, ಉತ್ತರವನ್ನೂ ಇವಳೇ ಹೇಳುವಳು. ಭೇಷ್ ಎಂದು ಬೆನ್ನನ್ನೂ ತಟ್ಟುವಳು. ಆ ಮಕ್ಕಳು ಒಂದು ದಿನವೂ ತಪ್ಪು ಹೇಳಲಿಲ್ಲ, ಒಂದು ದಿನವೂ ತಡ ಮಾಡಲಿಲ್ಲ. ಮಾತು ನಿಂತರೆ ಆ ಉದ್ದದ ಕೋಣೆಯಲ್ಲಿ ಫ್ಯಾನಿನ ಕಿರುಗುಟ್ಟುವಿಕೆ ಕೇಳಿಸುತ್ತಿತ್ತು. ಅದು ಕೇಳಿಸಬಾರದೆಂದು ಅವಳು ಪ್ರಶ್ನೆಗೂ ಉತ್ತರಕ್ಕೂ ನಡುವೆ ಉಸಿರನ್ನೂ ಬಿಡುತ್ತಿರಲಿಲ್ಲ.

ಕಾಲೇಜಿನ ಹಾಸ್ಟೆಲನ್ನು ಮುಚ್ಚಿ ಆಗಲೇ ವರ್ಷವಾಗಿತ್ತು. ನಾಗರತ್ನಮ್ಮ ಎಂಬುವರ ಮನೆಯ ಮಹಡಿಯಲ್ಲಿ ಅವಳದೊಂದು ಬಾಡಿಗೆ ಕೋಣೆ. ಕೋಣೆಯಲ್ಲೂ ಮಾರನೆಯ ದಿನದ ಪಾಠ ನಡೆಯುತ್ತಿತ್ತು. ನಾಗರತ್ನಮ್ಮ ಒಂದು ಸಂಜೆ ಮೆಟ್ಟಿಲ ಅರ್ಧಕ್ಕೆ ಬಂದು ನಿಂತು, ಯಾರೋ ಬಂದವ್ರೆ ಅಂತ ಎರಡು ಲೋಟ ಕಾಫಿ ತಂದೆ ಕಣಮ್ಮ, ಎಂದರು. ಯಾರೂ ಇಲ್ಲ ಎಂದು ಲೋಹಿತಾ ಹೇಳಿದ ಮೇಲೆ ಕೋಣೆಯೊಳಗೆ ಒಮ್ಮೆ ಇಣುಕಿ, ಒಂದು ಲೋಟ ಕೊಟ್ಟು ಇನ್ನೊಂದನ್ನು ವಾಪಸು ತೆಗೆದುಕೊಂಡು ಹೋದರು. ಮನೆಗೆ ಫೋನು ಮಾಡಿದಾಗಲೂ ಅಷ್ಟೆ. ಊಟ ಆಯಿತಾ ಎಂದು ಕೇಳುವವಳೂ ಇವಳೇ, ಆಗಿರುತ್ತೆ ಬಿಡು ಇಷ್ಟೊತ್ತಿಗೆ ಎನ್ನುವವಳೂ ಇವಳೇ. ಆ ಕಡೆಯಿಂದ ತಾಯಿ ಚನ್ನಮಲ್ಲಮ್ಮ ಹೂಂ, ಹೂಂ ಎನ್ನುತ್ತ ಇರುವರು. ಅಮ್ಮ ಯಾಕೆ ಇತ್ತೀಚೆಗೆ ಮಾತು ಕಡಿಮೆ ಮಾಡಿದ್ದಾಳೆ ಎಂದು ಮಗಳಿಗೆ ಬೇಜಾರು.

ಹೀಗಿರುವಾಗ ಶಾಲೆಗೆ ಹೋಗಿ ಪಾಠ ಮಾಡುವ ತಿಂಗಳುಗಳು ಬಂದವು. ದೊಡ್ಡೇರಿ ಹೋಬಳಿಯಲ್ಲಿ ಹೊನ್ನೇಪಾಳ್ಯ ಎಂಬ ಹಳ್ಳಿಯ ಸರ್ಕಾರಿ ಶಾಲೆ ಅವಳ ಪಾಲಿಗೆ ಬಂತು. ನಾಲ್ಕನೇ ತರಗತಿ. ಹತ್ತು ಹನ್ನೆರಡು ಮಕ್ಕಳು. ಎಷ್ಟೋ ತಿಂಗಳ ಮೇಲೆ ಬೆಂಚಿನಲ್ಲಿ ತಲೆಗಳನ್ನು ಕಂಡಾಗ ಅವಳ ಎದೆ ತುಂಬಿ ಬಂತು. ಒಳಗೆ ಕಾಲಿಡುವ ಮೊದಲು ಗುಡಿಯ ಹೊಸಿಲು ಮುಟ್ಟಿದ ಹಾಗೆ ಬಾಗಿಲ ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮೊದಲ ಪಾಠ ಹಕ್ಕಿಗೂಡಿನದು. ಚಿತ್ರ ತೋರಿಸಿ, ಗುಬ್ಬಚ್ಚಿ ಎಲ್ಲಿ ಗೂಡು ಕಟ್ಟುತ್ತೆ ಮಕ್ಕಳೇ, ಎಂದು ಕೇಳಿದಳು. ಕೇಳಿದ್ದೇ ತಡ, ಕತ್ತು ತಾನಾಗಿ ವಾಲಿತು, ಗಂಟಲು ಸಣ್ಣಗಾಯಿತು. "ಸೂರಿನ ಸಂದೀಲಿ, ಮಿಸ್."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲಲ್ಲಿ ನಿಂತಿದ್ದ ಮುಖ್ಯ ಶಿಕ್ಷಕ ಸಣ್ಣರಂಗಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಲೋಹಿತಾಳ ಮೈ ಬಿಸಿಯಾಯಿತು. ಮುಂದಿನ ಪ್ರಶ್ನೆಗೆ ಎಚ್ಚರವಾಗಿರಬೇಕು ಅಂದುಕೊಂಡಳು. ಮುಂದಿನದಕ್ಕೂ ಹಾಗೆಯೇ ಆಯಿತು. ಗಂಟೆ ಹೊಡೆದಾಗ ಆ ತರಗತಿಯಲ್ಲಿ ಒಂದು ಮಗುವೂ ಬಾಯಿ ಬಿಟ್ಟಿರಲಿಲ್ಲ, ಪಾಠ ಮಾತ್ರ ಮುಗಿದಿತ್ತು. ಸಣ್ಣರಂಗಯ್ಯನವರು ಸ್ಟಾಫ್ ರೂಮಿನಲ್ಲಿ ನಗುನಗುತ್ತಲೇ ಹೇಳಿದರು: "ಮೇಷ್ಟ್ರ ಕೆಲ್ಸನೂ ನೀವೇ ಮಾಡ್ತೀರಿ, ಮಕ್ಕಳ ಕೆಲ್ಸನೂ ನೀವೇ ಮಾಡ್ತೀರಿ. ನಮ್ ಹೈಕ್ಳು ಇನ್ ದನ ಕಾಯಕ್ಕೋಗ್ಬೌದು ಬುಡಿ, ಮೇಡಮ್ಮೋರೇ."

ದಿನ ಕಳೆದಂತೆ ಅದು ಕಡಿಮೆಯಾಗುವ ಬದಲು ಬೇರೆಯೇ ಆಯಿತು. ಮಕ್ಕಳಿಗೆ ಮಿಸ್ಸಿನ ಸಣ್ಣ ಗಂಟಲು ಹಿಡಿಸಿಬಿಟ್ಟಿತು. ಅದನ್ನು ಕೇಳುವ ಆಸೆಗೇ ಅವರು ಬಾಯಿ ಮುಚ್ಚಿ ಕೂರುವುದನ್ನು ಕಲಿತರು. ಪ್ರಶ್ನೆ ಕೇಳಿದ ಕೂಡಲೆ ಎಲ್ಲರ ಕಣ್ಣೂ ಅವಳ ಕತ್ತಿನ ಮೇಲೆ. ಒಂದು ದಿನ ಆಟದ ಹೊತ್ತಿನಲ್ಲಿ ಹೊಂಗೆ ಮರದ ಕೆಳಗೆ ಕೇಕೆ ಕೇಳಿಸಿತು. ನೋಡಿದರೆ ಪ್ರಿಯಾಂಕ ಎಂಬ ಹುಡುಗಿ ಕಡ್ಡಿ ಹಿಡಿದು ನಿಂತು, ಎರಡೆರಡು ಎಷ್ಟು ಮಕ್ಕಳೇ ಎಂದು ಕೇಳಿ, ಕತ್ತು ವಾಲಿಸಿ, ನಾಲ್ಕು ಮಿಸ್ ಎಂದು ಕೀರಲು ದನಿಯಲ್ಲಿ ಹೇಳುತ್ತಿದ್ದಳು. ಮಿಕ್ಕವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದಕ್ಕೆ ಮಿಸ್ಸಾಟ ಎಂದು ಹೆಸರನ್ನೂ ಇಟ್ಟಿದ್ದರು. ನಗುವವರ ಹಿಂದೆ ಒಬ್ಬಳು ಮಾತ್ರ ನಗದೆ ನಿಂತಿದ್ದಳು. ಅನುಷಾ ಎಂಬ ಹುಡುಗಿ, ಕ್ಲಾಸಿನಲ್ಲೂ ಹಾಗೆಯೇ, ಮುಖದಲ್ಲಿ ಏನೂ ಇಲ್ಲದೆ ನೋಡುತ್ತ ಕೂರುವವಳು. ಇವಳ ತಲೆಗೆ ಏನೂ ಹೋಗುವುದಿಲ್ಲವೇನೋ ಎಂದು ಲೋಹಿತಾ ಅಂದುಕೊಂಡಿದ್ದಳು.

ಕೊನೆಯ ಪಾಠಕ್ಕೆ ಒಂದು ವಾರ ಇದೆ ಎನ್ನುವಾಗ ಹಿದಾಯತುಲ್ಲಾ ಸರ್ ನೋಡಲು ಬಂದರು. ಕೊನೆಯ ಪಾಠವೆಂದರೆ ಹೊರಗಿನ ಪರೀಕ್ಷಕರು ಬಂದು ಕೂತು ನೋಡುವ ಪಾಠ. ಅದರಲ್ಲಿ ಗೆದ್ದರೆ ಮೇಷ್ಟ್ರು, ಇಲ್ಲದಿದ್ದರೆ ಇಲ್ಲ. ಸರ್ ಹಿಂದಿನ ಬೆಂಚಿನಲ್ಲಿ ಕೂತು ಒಂದು ಪಾಠ ಪೂರ್ತಿ ನೋಡಿದರು. ಆಮೇಲೆ ಅವಳನ್ನು ಮರದ ಕೆಳಗೆ ಕರೆದುಕೊಂಡು ಹೋಗಿ, ಬಹಳ ಹೊತ್ತು ಚಪ್ಪಲಿಯ ತುದಿಯಿಂದ ಮಣ್ಣು ಕೆದಕುತ್ತ ನಿಂತರು.

ಅಕ್ಷರ ಚೆನ್ನಾಗಿದೆ, ಚಿತ್ರ ಚೆನ್ನಾಗಿದೆ, ದನಿ ಚೆನ್ನಾಗಿದೆ ಎಂದು ಮೊದಲು ಹೇಳಿದರು. ಆದರೆ ಮಗುವಿಗೆ ಅಲ್ಲಿ ಜಾಗವೇ ಇಲ್ಲ, ಒಂದು ಮಗುವೂ ಬಾಯಿ ಬಿಡದ ಪಾಠಕ್ಕೆ ಯಾವ ಪರೀಕ್ಷಕರೂ ಪಾಸು ಕೊಡುವುದಿಲ್ಲ ಎಂದರು. ಈ ಸಲ ಹೋದರೆ ಮತ್ತೆ ಬರೆಯುವುದಕ್ಕೆ ಕಾಲೇಜೇ ಇರುವುದಿಲ್ಲ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

"ಕೇಳಿದ್ಮೇಲೆ ಸ್ವಲ್ಪ ಸುಮ್ನಿರು ಬೇಟಾ. ಅಷ್ಟೇ. ಸುಮ್ನಿರು," ಎಂದರು.

"ಸುಮ್ನಿದ್ರೆ ಅಲ್ಲಿ ಯಾರೂ ಇಲ್ಲ ಅನ್ಸುತ್ತೆ ಸರ್."

ಸರ್ ಅವಳ ಮುಖ ನೋಡಿದರು. ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಅವಳು ಮಾಡದ ಉಪಾಯವಿಲ್ಲ. ಪ್ರಶ್ನೆ ಕೇಳಿ ನಾಲಿಗೆ ಕಚ್ಚಿಕೊಂಡಳು. ಬೋರ್ಡಿನ ಕಡೆ ತಿರುಗಿ ನಿಂತಳು. ಮನಸ್ಸಿನಲ್ಲಿ ಪಂಚಾಕ್ಷರಿ ಜಪಿಸಿ ನೋಡಿದಳು. ನಮಃ ಎಂದು ಶುರುವಾದ ಮಂತ್ರ ಶಿವಾಯ ಎನ್ನುವಷ್ಟರಲ್ಲಿ ತರಗತಿಯ ಮೌನ ಬಂದು ಎದೆಯ ಮೇಲೆ ಕೂರುತ್ತಿತ್ತು. ಆ ಉದ್ದದ ಕೋಣೆ, ಆ ಫ್ಯಾನು, ಆ ಬೆಂಚುಗಳು. ಎದುರಿಗೆ ಮಕ್ಕಳಿದ್ದಾರೆಂದು ಕಣ್ಣು ಹೇಳಿದರೂ ಕಿವಿ ನಂಬುತ್ತಿರಲಿಲ್ಲ. ಸಣ್ಣ ಗಂಟಲು ಎದ್ದು ಬರುತ್ತಿತ್ತು. ಮಕ್ಕಳು ಕಿಸಕ್ಕೆಂದು ನಗುತ್ತಿದ್ದರು.

ಪರೀಕ್ಷೆ ಬುಧವಾರ. ಮಂಗಳವಾರ ಅವಳು ಬೆಳಗಿನ ಮೊದಲ ಬಸ್ಸಿಗೇ ಹೊನ್ನೇಪಾಳ್ಯಕ್ಕೆ ಬಂದಳು. ಶಾಲೆಗೆ ಹತ್ತಿರದಲ್ಲೇ ಕರಿಯಮ್ಮನ ಗುಡಿ. ಆ ಗುಡಿಯಲ್ಲಿ ಹೂ ಕೇಳುವ ಪದ್ಧತಿಯಿದೆ. ನೀರಿನಲ್ಲಿ ಅದ್ದಿದ ಹೂವಿನ ಎಸಳುಗಳನ್ನು ಅಮ್ಮನ ಎರಡೂ ಭುಜದ ಮೇಲೆ ಅಂಟಿಸುತ್ತಾರೆ. ಕೇಳುವವರು ಕೇಳಬೇಕಾದ್ದನ್ನು ಮನಸ್ಸಿನಲ್ಲಿ ಕೇಳಿ ಕೂರುತ್ತಾರೆ. ಬಲಗಡೆಯ ಎಸಳು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಇಲ್ಲ. ಯಾವುದೂ ಬೀಳದಿದ್ದರೆ, ಬೀಳುವವರೆಗೆ ಕೂರುತ್ತಾರೆ. ಲೋಹಿತಾಳ ಮನೆಯಲ್ಲಿ ಈ ಪದ್ಧತಿಯಿಲ್ಲ. ಈಶ್ವರನನ್ನು ಹಾಗೆಲ್ಲ ಪರೀಕ್ಷೆಗೆ ಕೂರಿಸಬಾರದು ಎನ್ನುವವರು ಅಡವಯ್ಯನವರು. ಆದರೂ ಬಂದಳು. ಬೇರೆ ಯಾರನ್ನು ಕೇಳುವುದು?

ಅವಳಿಗಿಂತ ಮೊದಲು ಒಬ್ಬ ಮುದುಕಿ ಬಂದು ಕೂತಿದ್ದಳು. ಪಕ್ಕದಲ್ಲಿ ಮೊಮ್ಮಗಳು ಅನುಷಾ. ಶಾಲೆಯ ಸಮವಸ್ತ್ರದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿತ್ತು ಹುಡುಗಿ. ಪೂಜಾರಿ ದಾಸಯ್ಯ ಎಸಳು ಅಂಟಿಸಿ, ಕಂಬಕ್ಕೆ ಒರಗಿ, ತನ್ನ ಪಾಡಿಗೆ ತಾನು ಕೂತ. ಮುದುಕಿ ಲೋಹಿತಾಳ ಕಡೆ ವಾಲಿ ಪಿಸುಗುಟ್ಟಿದಳು. ಇವಳ ಅವ್ವ ಗಾರ್ಮೆಂಟ್ಸಿಗೆ ಎಂದು ಹೋದವಳು ಹಬ್ಬಕ್ಕೂ ಬರಲಿಲ್ಲವಂತೆ, ಫೋನೂ ಎತ್ತುವುದಿಲ್ಲವಂತೆ. ಬರುತ್ತಾಳೋ ಇಲ್ಲವೋ ಎಂದು ಕರಿಯಮ್ಮನನ್ನೇ ಕೇಳೋಣ ಅಂತ ಮಗುವೇ ಹಟ ಮಾಡಿ ಕರೆದುಕೊಂಡು ಬಂದಿತಂತೆ.

ಅಷ್ಟು ಹೇಳಿ ಮುದುಕಿ ಸುಮ್ಮನಾದಳು. ಗುಡಿಯೂ ಸುಮ್ಮನಾಯಿತು. ದೀಪದ ಬತ್ತಿ ಚಿಟಚಿಟ ಎನ್ನುವುದು ಬಿಟ್ಟರೆ ಸದ್ದಿಲ್ಲ. ಲೋಹಿತಾ ಅನುಷಾಳ ಮುಖ ನೋಡಿದಳು. ಅದೇ ಮುಖ. ಕ್ಲಾಸಿನಲ್ಲಿ ಅವಳೆದುರು ದಿನಾ ಕೂರುವ, ಏನೂ ಇಲ್ಲದ ಮುಖ. ಏನೂ ಇಲ್ಲವೇ? ರೆಪ್ಪೆ ಬಡಿಯದೆ ಆ ಮಗು ಎಸಳನ್ನು ನೋಡುತ್ತಿತ್ತು. ಕೈಬೆರಳುಗಳು ಲಂಗದ ಅಂಚನ್ನು ಹಿಡಿದು ಬಿಗಿಯಾಗಿದ್ದವು. ಒಂದು ಮಾತಿಲ್ಲ, ಆದರೆ ಕುತ್ತಿಗೆಯವರೆಗೆ ತುಂಬಿದ ಕೊಡದ ಹಾಗಿತ್ತು ಆ ಸುಮ್ಮನಿರುವಿಕೆ. ಅಲುಗಿದರೆ ತುಳುಕಬೇಕು.

ಎಷ್ಟೋ ಹೊತ್ತಿನ ಮೇಲೆ ಎಡಗಡೆಯ ಎಸಳು ಜಾರಿ ಬಿತ್ತು. ಮುದುಕಿ ನಿಟ್ಟುಸಿರು ಬಿಟ್ಟು ಕೈಮುಗಿದಳು. ಅನುಷಾ ಎದ್ದೇಳಲಿಲ್ಲ, ಅಳಲೂ ಇಲ್ಲ. ಕೂತೇ ಇದ್ದಳು.

ದಾಸಯ್ಯ ಹೊಸ ಎಸಳು ಅಂಟಿಸಿ, ನೀನ್ ಕೇಳವ್ವ ಎಂದು ಲೋಹಿತಾಳಿಗೆ ಕಣ್ಣಿನಲ್ಲೇ ಹೇಳಿದ. ಅವಳು ಕಣ್ಣು ಮುಚ್ಚಿದಳು. ತಾಯೇ, ನಾಳೆ ಒಂದು ಮಗುವಾದರೂ ನನಗೆ ಉತ್ತರ ಕೊಡುತ್ತದೆಯೇ? ಕೇಳಿದ್ದು ಮನಸ್ಸಿನಲ್ಲಿ. ಆದರೆ ಕೇಳಿ ಮುಗಿಯುವಷ್ಟರಲ್ಲಿ ಕತ್ತು ವಾಲಿತು, ಗಂಟಲು ಮೆದುವಾಗಿ ತಾಯಿಯ ದನಿಯಾಯಿತು, ಗುಡಿಗೆಲ್ಲ ಕೇಳಿಸುವ ಹಾಗೆ ಮಾತು ಹೊರಗೆ ಬಂದುಬಿಟ್ಟಿತು. "ಕೊಡುತ್ತೆ ಮಗಳೇ."

ದಾಸಯ್ಯ ಕಂಬ ಬಿಟ್ಟು ನೆಟ್ಟಗೆ ಕೂತ. "ಅಲ್ಲ ಕಣವ್ವ, ಅಮ್ಮನ ಮಾತೂ ನೀನೇ ಆಡ್ಬುಟ್ರೆ, ಅಮ್ಮ ಏನ್ ಮಾಡ್ಬೇಕು? ಎದ್ದು ಮನೇಗೋಗ್ಬೇಕಾ?"

ಮುದುಕಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅನುಷಾಳಿಂದ ಕಿಲಕ್ಕೆಂದು ಒಂದು ನಗು ಬಂತು. ಅವಳ ದನಿಯನ್ನು ಲೋಹಿತಾ ಕೇಳಿದ್ದು ಅದೇ ಮೊದಲು.

ನಾಚಿಕೆಯಿಂದ ನೆಲ ನೋಡುತ್ತ ಅವಳು ಕೂತಳು. ಎದ್ದು ಹೋಗುವುದಕ್ಕೂ ಮುಖವಿಲ್ಲ. ಎಸಳು ಬೀಳಲಿಲ್ಲ. ದಾಸಯ್ಯ ಮತ್ತೆ ಕಂಬಕ್ಕೆ ಒರಗಿದ. ಮುದುಕಿಯ ಉಸಿರಾಟ ಕೇಳಿಸುತ್ತಿತ್ತು, ಮಗುವಿನದೂ. ಹೊತ್ತು ಹೋಯಿತು. ಎಷ್ಟು ಹೋಯಿತೋ ತಿಳಿಯದು; ಶಾಲೆಯ ಗಂಟೆ ಕೇಳಿಸಿದಾಗ ಮಾತ್ರ ಅವಳಿಗೆ ಗೊತ್ತಾಯಿತು, ಇಷ್ಟು ಹೊತ್ತು ತಾನು ಸುಮ್ಮನಿದ್ದೆ, ಕಾಲೇಜಿನ ಆ ಫ್ಯಾನು ಕೇಳಿಸಲಿಲ್ಲ ಎಂದು. ಎಸಳುಗಳು ಅಂಟಿದಲ್ಲೇ ಇದ್ದವು. ಎದ್ದೇಳಲೋ ಬೇಡವೋ ಎಂದು ನೋಡುತ್ತಿದ್ದವಳಿಗೆ ದಾಸಯ್ಯ ಹೇಳಿದ: "ಓಗವ್ವ, ಬೆಲ್ ಆಯ್ತು. ಅಮ್ಮ ಎಲ್ಗೂ ಓಗಾಕಿಲ್ಲ."

ಆ ಸಂಜೆ ಮಧುಗಿರಿಗೆ ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಅವಳು ಯೋಚಿಸಿದಳು. ಕರಿಯಮ್ಮನ ಮುಂದೆ ಅಷ್ಟು ಹೊತ್ತು ಸುಮ್ಮನೆ ಕೂರಲು ಹೇಗಾಯಿತು? ಮೊದಲು ಬಾಯಿ ತಪ್ಪಿದ್ದು ನಿಜ. ಆಮೇಲೆ? ಉತ್ತರ ನಿಜವಾಗಿಯೂ ತನಗೆ ಗೊತ್ತಿರಲಿಲ್ಲ, ಅದಕ್ಕೆ ಕೂತೆ ಅನ್ನಿಸಿತು. ಬೆಂಚಿನ ಮಕ್ಕಳನ್ನು ಅವಳು ಕೇಳುತ್ತಿದ್ದದ್ದೆಲ್ಲ ಅವಳಿಗೆ ಗೊತ್ತಿದ್ದದ್ದೇ. ನಾಳೆಯ ಪಾಠ ನೀರಿನದು. ನೀರಿನ ಮೂಲಗಳು ಯಾವುವು ಎಂದು ಮೊದಲ ಪ್ರಶ್ನೆ ಬರೆದಿಟ್ಟಿದ್ದಳು. ಕೆರೆ, ಬಾವಿ, ನದಿ, ಮಳೆ. ಕೇಳುವ ಮೊದಲೇ ಬಾಯಿಯಲ್ಲಿ ನೀರಿನ ಹಾಗೆ ನಿಂತಿರುವ ಉತ್ತರ. ಅದನ್ನು ಹೊಡೆದು ಹಾಕಿದಳು. ಅದರ ಜಾಗದಲ್ಲಿ, ತನಗೆ ಗೊತ್ತಿಲ್ಲದ ಒಂದನ್ನು ಕೇಳಬೇಕು ಅಂದುಕೊಂಡಳು.

ಬುಧವಾರ ಪರೀಕ್ಷಕರು ಬಂದರು. ಐವತ್ತರ ಆಸುಪಾಸಿನ ಹೆಂಗಸು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಮಾತು ಕಡಿಮೆ. ಹಿದಾಯತುಲ್ಲಾ ಸರ್ ಪಕ್ಕದಲ್ಲಿ ಕೂತರು. ಸಣ್ಣರಂಗಯ್ಯನವರು ಮಕ್ಕಳಿಗೆ ಹಿಂದಿನ ದಿನವೇ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಬರಲು ಹೇಳಿದ್ದರಿಂದ ಹನ್ನೆರಡು ತಲೆಗಳೂ ಮಿನುಗುತ್ತಿದ್ದವು.

ಲೋಹಿತಾ ಕೈಮುಗಿದು ಶುರು ಮಾಡಿದಳು. ಒಂದು ಲೋಟ ನೀರು ತಂದು ಮೇಜಿನ ಮೇಲಿಟ್ಟಳು. ಎಲ್ಲರೂ ನೋಡಿದ ಮೇಲೆ ಕೇಳಿದಳು.

"ನಿಮ್ಮ ಮನೇಲಿ ಕುಡಿಯೋ ನೀರು ಯಾರು ತರ್ತಾರೆ?"

ಕೇಳಿದ ಕೂಡಲೆ ಹನ್ನೆರಡು ಜೊತೆ ಕಣ್ಣುಗಳು ಅವಳ ಕತ್ತಿಗೆ ನೆಟ್ಟವು. ಮಿಸ್ಸಾಟಕ್ಕೆ ಕಾದು ಕೂತ ಕಣ್ಣುಗಳು. ಅವಳ ಗಂಟಲಲ್ಲಿ ಸಣ್ಣ ದನಿ ಎದ್ದಿತು. ಮುಂದಿನ ಬೆಂಚಿನ ಚಿರಂಜೀವಿ, ಆ ಇಲ್ಲದ ಜಾಣ ಹುಡುಗ, ಎಂದಿನಂತೆ ಉತ್ತರ ಹಿಡಿದು ನಿಂತಿದ್ದ. ಅಮ್ಮ ತರ್ತಾರೆ, ಮಿಸ್. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಂದಾಗಲೇ ಅವಳ ಕಣ್ಣು ಅನುಷಾಳ ಮೇಲೆ ಬಿತ್ತು.

ಅವಳು ತುಟಿ ಮುಚ್ಚಿದಳು. ಆ ಮಾತನ್ನು ಕಹಿ ಗುಳಿಗೆಯ ಹಾಗೆ ನುಂಗಿದಳು. ಅದು ಇಳಿಯುವುದು ಎದೆಯವರೆಗೂ ಗೊತ್ತಾಯಿತು.

ತರಗತಿ ಸುಮ್ಮನಾಯಿತು. ಪರೀಕ್ಷಕರು ತಲೆ ಎತ್ತಿ ನೋಡಿದರು. ಹಿದಾಯತುಲ್ಲಾ ಸರ್ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಪ್ರಿಯಾಂಕ ಪಕ್ಕದವಳನ್ನು ಮೊಣಕೈಯಿಂದ ತಿವಿದಳು, ಮಿಸ್ ಯಾಕೆ ಹೇಳುತ್ತಿಲ್ಲ ಎನ್ನುವ ಹಾಗೆ. ಲೋಹಿತಾ ನಿಂತೇ ಇದ್ದಳು. ಫ್ಯಾನಿಗೆ ಕಿವಿ ಕೊಡಲಿಲ್ಲ. ಎದುರಿನ ಉಸಿರುಗಳಿಗೆ ಕಿವಿ ಕೊಟ್ಟಳು. ಹೊರಗೆ ಅಡುಗೆಯವರು ಸೌಟು ತೊಳೆಯುವ ಸದ್ದು ಬಂದು ಹೋಯಿತು. ಪರೀಕ್ಷಕರು ಕೈಗಡಿಯಾರ ನೋಡಿಕೊಂಡರು. ಒಬ್ಬ ಹುಡುಗ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡ.

ಆಗ ಅನುಷಾ ಎದ್ದು ನಿಂತಳು. ಯಾರೂ ಎದ್ದೇಳು ಎಂದಿರಲಿಲ್ಲ.

"ನಾನೇ ತತ್ತೀನಿ ಮಿಸ್," ಎಂದಳು. ದನಿ ಒರಟಾಗಿತ್ತು, ಬಳಸದೆ ಇಟ್ಟದ್ದರ ಹಾಗೆ. "ಅಜ್ಜಿಗೆ ಸೊಂಟ ನೋವು. ಫಿಲ್ಟರ್ ತಾವ ಕಾಯಿನ್ ಆಕುದ್ರೆ ಬತ್ತದೆ. ಪೂರಾ ಕ್ಯಾನ್ ಎತ್ತಕ್ಕಾಗಲ್ಲ, ಅರ್ಧ ತುಂಬುಸ್ಕತೀನಿ. ಮಿಕ್ಕಿದ್ದು ಹಿಂದ್ಲೋರು ಹಿಡ್ಕತಾರೆ." ಅಷ್ಟು ಹೇಳಿ ಉಸಿರು ತೆಗೆದುಕೊಂಡಳು. ಕೂರಲಿಲ್ಲ. ಲೋಹಿತಾಳ ಮುಖವನ್ನೇ ನೋಡುತ್ತ ಕೇಳಿದಳು: "ನಿಮ್ಗ್ಯಾರ್ ತತ್ತಾರೆ ಮಿಸ್?"

ಇದು ಪಾಠಯೋಜನೆಯಲ್ಲಿ ಇರಲಿಲ್ಲ. ಬೆಂಚಿನ ಮಕ್ಕಳು ಒಂದು ದಿನವೂ ಅವಳನ್ನು ಏನೂ ಕೇಳಿರಲಿಲ್ಲ. ಬೇರೆ ಯಾರಾದರೂ ಅವಳನ್ನು ಏನಾದರೂ ಕೇಳಿ, ಉತ್ತರಕ್ಕೆಂದು ಹೀಗೆ ನಿಂತು ಎಷ್ಟು ದಿನವಾಗಿತ್ತೋ ನೆನಪಿಗೂ ಬರಲಿಲ್ಲ. ಯಾವ ದನಿಯೂ ಎದ್ದು ಬರಲಿಲ್ಲ, ಸಣ್ಣದೂ ಇಲ್ಲ, ದೊಡ್ಡದೂ ಇಲ್ಲ. ಈಗ ತರಗತಿ ಅವಳಿಗಾಗಿ ಕಾಯುತ್ತಿತ್ತು. ಅನುಷಾ ಅವಸರ ಮಾಡಲಿಲ್ಲ. ಗುಡಿಯಲ್ಲಿ ನೋಡಿದ ಹಾಗೆಯೇ, ರೆಪ್ಪೆ ಬಡಿಯದೆ ನೋಡುತ್ತ ನಿಂತಳು.

"ನಾನೇ ತರ್ತೀನಿ," ಎಂದಳು ಲೋಹಿತಾ.

"ಒಬ್ರೇನಾ?"

"ಒಬ್ಳೇ ಕಣಮ್ಮ. ಮಹಡಿ ಮೇಲೆ ಹತ್ತಿಸ್ಬೇಕು."

"ಅಂಗಾರೆ ಅರ್ಧನೇ ತುಂಬುಸ್ಕಳಿ ಮಿಸ್," ಎಂದು ಅನುಷಾ ಬುದ್ಧಿ ಹೇಳಿ ಕೂತಳು.

ಕಟ್ಟೆ ಒಡೆದ ಹಾಗಾಯಿತು. ತನ್ನ ಮನೆಯಲ್ಲಿ ತಾತ ಸೈಕಲ್ಲಿನ ಮೇಲೆ ತರುತ್ತಾನೆಂದು ಒಬ್ಬ, ಅಣ್ಣ ಗಾಡಿಯಲ್ಲಿ ತರುವಾಗ ಅರ್ಧ ದಾರಿಯಲ್ಲೇ ಚೆಲ್ಲುತ್ತಾನೆಂದು ಒಬ್ಬಳು. ಬೋರಿನ ನೀರು ಕುಡಿದೇ ಹಲ್ಲು ಹೀಗಾದದ್ದೆಂದು ಒಬ್ಬ ತನ್ನ ಕಂದು ಹಲ್ಲನ್ನು ಪರೀಕ್ಷಕರಿಗೇ ತೋರಿಸಲು ಹೊರಟ. ಪ್ರಿಯಾಂಕ ಎಲ್ಲರಿಗಿಂತ ಜ಼ೋರಾಗಿ, ಫಿಲ್ಟರ್ ಕೆಟ್ಟಾಗ ಏನು ಮಾಡಬೇಕೆಂದು ತನಗೆ ಮಾತ್ರ ಗೊತ್ತು ಎಂದಳು. ಕೆರೆ, ಬಾವಿ, ನದಿ, ಮಳೆ ಎಲ್ಲ ಬರೆಯದೆ ಉಳಿದವು. ಬೋರ್ಡಿನ ಮೇಲೆ ನೀರು ಎಂಬ ಒಂದು ಪದವಿದ್ದ ಹಾಗೆಯೇ ಗಂಟೆ ಹೊಡೆಯಿತು.

ಪರೀಕ್ಷಕರು ಹೊರಗೆ ಬಂದು, ಪಾಠ ಅರ್ಧಕ್ಕೇ ನಿಂತಿದೆ, ಅಂದುಕೊಂಡ ಅಂಶಗಳಲ್ಲಿ ಬಹಳಷ್ಟು ಬಂದೇ ಇಲ್ಲ, ಸಮಯದ ಮೇಲೆ ಹಿಡಿತವಿಲ್ಲ ಎಂದು ಒಂದೊಂದಾಗಿ ಹೇಳಿದರು. ಲೋಹಿತಾ ತಲೆಯಾಡಿಸುತ್ತ ಕೇಳಿಸಿಕೊಂಡಳು. ಕೊನೆಗೆ ಅವರು ಸ್ವಲ್ಪ ತಡೆದು, ಆ ಮೊದಲ ಪ್ರಶ್ನೆ ಕೇಳಿ ನಿಂತೆಯಲ್ಲ, ನಾನಾಗಿದ್ದರೆ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ, ಎಂದರು. ಹೊಗಳಿಕೆಯೋ ಅಲ್ಲವೋ ಅವರ ಮುಖದಿಂದ ತಿಳಿಯಲಿಲ್ಲ. ಅವರ ಗಾಡಿ ಹೊರಟ ಮೇಲೆ, ಅಂಕದ ಹಾಳೆಗೆ ಸಹಿ ಹಾಕಿದ್ದ ಹಿದಾಯತುಲ್ಲಾ ಸರ್ ಅವಳ ಹತ್ತಿರ ಬಂದರು. ಅವರ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಮಾಮೂಲಿನದೇ. "ಪಾಸಾಗಿದೀಯ ಬೇಟಾ. ಜಾಸ್ತಿ ಏನಿಲ್ಲ, ಪಾಸು," ಎಂದು ಹೇಳಿ, ತಲೆಯ ಮೇಲೆ ಕೈಯಿಟ್ಟು, ಶಿರಾದ ಬಸ್ಸು ಹಿಡಿಯಲು ನಡೆದರು.

ಅಲ್ಲಿಗೆ ಅವಳ ಹೊನ್ನೇಪಾಳ್ಯದ ದಿನಗಳು ಮುಗಿದ ಹಾಗೆ. ಚಾರ್ಟುಗಳನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಅವಳು ವರಾಂಡಕ್ಕೆ ಬಂದಾಗ ಮಕ್ಕಳು ಬಿಸಿಯೂಟಕ್ಕೆ ಸಾಲಾಗಿ ಕೂರುತ್ತಿದ್ದರು. ಅನುಷಾ ತಟ್ಟೆ ತೊಳೆದುಕೊಂಡು ಬಂದು ಎದುರಿಗೆ ನಿಂತಳು.

"ನಾಳೆ ಬತ್ತೀರಾ ಮಿಸ್?"

ಬರ್ತೀನಿ ಅನ್ನುವುದು ಎಷ್ಟು ಸುಲಭವಾಗಿತ್ತು. ಮಗು ನೀರು ಸೋರುವ ತಟ್ಟೆ ಹಿಡಿದು ನಿಂತಿತ್ತು.

"ಇಲ್ಲ ಕಣಮ್ಮ. ಇವತ್ತಿಗೆ ಮುಗೀತು."

ಅನುಷಾ ಅದನ್ನು ಕೇಳಿಸಿಕೊಂಡಳು. ತಟ್ಟೆಯ ನೀರನ್ನು ಒಮ್ಮೆ ಕೊಡವಿ, "ಅಂಗಾರೆ ಉಂಡ್ಕಂಡೋಗಿ," ಎಂದಳು.

ಲೋಹಿತಾ ಚೀಲವನ್ನು ಗೋಡೆಗೆ ಒರಗಿಸಿದಳು. ಅಡುಗೆಯವರಿಂದ ಒಂದು ತಟ್ಟೆ ಇಸಿದುಕೊಂಡು ಬಂದು, ಸಾಲಿನಲ್ಲಿ ಅನುಷಾ ಸರಿದು ಬಿಟ್ಟ ಜಾಗದಲ್ಲಿ ಕೂತಳು. ಅನ್ನ ಬಂತು, ಸಾರು ಬಂತು. ಇಬ್ಬರೂ ಮಾತಾಡದೆ ಉಂಡರು.